ಟ್ಯಾಂಕ್ ಅದೇ, ದೂರ ಹೆಚ್ಚು: ಬೈಕಿನ ಪೆಟ್ರೋಲನ್ನು ಪೂರ್ತಿ ದುಡಿಸಿಕೊಳ್ಳುವ ಬಗೆ

ಕೈಪಿಡಿಯಲ್ಲಿ ಟ್ಯಾಂಕಿನ ಸಾಮರ್ಥ್ಯ 13 ಲೀಟರ್ ಎಂದು ಬರೆದಿದೆ. ಬೈಕ್ ಲೀಟರಿಗೆ 45 ಕೊಡುತ್ತದೆ ಎಂದು ಮಾರಿದವರು ಹೇಳಿದ್ದಾರೆ. ಗುಣಿಸಿದರೆ 585 ಕಿ.ಮೀ. ಈ ಲೆಕ್ಕವನ್ನು ನಂಬಿ ಉದ್ದದ ದಾರಿಗೆ ಇಳಿದವರು 460, 480ರ ಸುಮಾರಿಗೆ ಹೆಲ್ಮೆಟನ್ನು ಕನ್ನಡಿಗೆ ನೇತುಹಾಕಿ ಬೈಕ್ ತಳ್ಳುತ್ತಾ ಎದುರಾಗುತ್ತಾರೆ. ಒಂದು ಕಾಲದಲ್ಲಿ ನಾನೂ ಹಾಗೆ ತಳ್ಳಿದವನೇ. ಗುಣಾಕಾರ ಸರಿಯಾಗಿಯೇ ಇತ್ತು. ಗುಣಿಸಿದ ಎರಡು ಅಂಕಿಗಳಲ್ಲಿ ಒಂದೂ ನನ್ನ ಬೈಕಿನದಾಗಿರಲಿಲ್ಲ.

ಮೈಲೇಜ್ ಬೇರೆ, ಒಂದು ಟ್ಯಾಂಕಿಗೆ ಸಿಗುವ ದೂರ ಬೇರೆ. ಲೀಟರಿಗೆ ಎಷ್ಟು ಓಡುತ್ತದೆ ಎಂಬುದು ಅರ್ಧ ಮಾತು. ಟ್ಯಾಂಕಿನಲ್ಲಿರುವ ಪೆಟ್ರೋಲಿನಲ್ಲಿ ಎಷ್ಟು ನಿಜವಾಗಿ ಎಂಜಿನ್ನಿಗೆ ತಲುಪುತ್ತದೆ, ಯಾವಾಗ ನಿಲ್ಲುತ್ತದೆ ಎಂಬುದು ಉಳಿದರ್ಧ. ದೂರ ಹೆಚ್ಚಬೇಕೆಂದವರು ಸಾಮಾನ್ಯವಾಗಿ ಗ್ಯಾರೇಜಿನಿಂದ ಶುರುಮಾಡುತ್ತಾರೆ: ಹೊಸ ಪ್ಲಗ್, ದುಬಾರಿ ಆಯಿಲ್, ಟ್ಯಾಂಕಿಗೆ ಹಾಕುವ ಯಾವುದೋ ದ್ರಾವಣ. ನನ್ನ ಅನುಭವದಲ್ಲಿ ಕ್ರಮ ಇದಕ್ಕೆ ತಲೆಕೆಳಗು. ಮೊದಲು ಅಳೆಯಬೇಕು, ಆಮೇಲೆ ಬಲಗೈಯನ್ನು ತಿದ್ದಬೇಕು, ಆಮೇಲೆ ಗಾಳಿಯ ವಿಷಯ ನೋಡಬೇಕು. ಪಾನಾ ಹಿಡಿಯುವುದು ಅದರ ನಂತರ.

ಮೊದಲ ಕೆಲಸ: ನಿಮ್ಮದೇ ಅಂಕಿ ಪಡೆಯಿರಿ

ಟ್ಯಾಂಕ್ ಭರ್ತಿ ಮಾಡಿಸಿ, ಟ್ರಿಪ್ ಮೀಟರನ್ನು ಸೊನ್ನೆಗೆ ತನ್ನಿ. ಎಂದಿನಂತೆ ಓಡಿಸಿ. ಮುಕ್ಕಾಲು ಟ್ಯಾಂಕ್ ಖಾಲಿಯಾದ ಮೇಲೆ ಮತ್ತೆ ಅದೇ ಮಟ್ಟಕ್ಕೆ ಭರ್ತಿ ಮಾಡಿಸಿ. ಎರಡನೇ ಬಾರಿ ಎಷ್ಟು ಲೀಟರ್ ಹಿಡಿಯಿತೋ ಅಷ್ಟು ಪೆಟ್ರೋಲ್ ಆ ದೂರಕ್ಕೆ ಖರ್ಚಾಗಿದೆ. ಟ್ರಿಪ್ ಮೀಟರ್ 412 ತೋರಿಸಿ, ಟ್ಯಾಂಕ್ 9.8 ಲೀಟರ್ ಹಿಡಿದರೆ ಲೀಟರಿಗೆ 42. ಒಂದು ಲೀಟರ್ ಹಾಕಿಸಿ, ಎಲ್ಲಿ ನಿಲ್ಲುತ್ತದೋ ನೋಡೋಣ ಎಂಬ ಪರೀಕ್ಷೆಯನ್ನು ನಂಬಬೇಡಿ. ಅಷ್ಟು ಸಣ್ಣ ಅಳತೆಯಲ್ಲಿ ಕಾಲು ಲೀಟರ್ ಆಚೀಚೆಯಾದರೂ ಉತ್ತರ ನಾಲ್ಕನೇ ಒಂದು ಭಾಗ ಕೆಡುತ್ತದೆ.

ಎರಡೂ ಬಾರಿ ಬೈಕ್ ನೇರವಾಗಿ ನಿಂತಿರಬೇಕು, ಡಬಲ್ ಸ್ಟ್ಯಾಂಡ್ ಇದ್ದರೆ ಅದರ ಮೇಲೆ. ಸೈಡ್ ಸ್ಟ್ಯಾಂಡಿನಲ್ಲಿ ವಾಲಿ ನಿಂತ ಟ್ಯಾಂಕಿನ ಎತ್ತರದ ಬದಿಯಲ್ಲಿ ಗಾಳಿ ಉಳಿದುಬಿಡುತ್ತದೆ. ಪೆಟ್ರೋಲ್ ಬಾಯಿಯವರೆಗೆ ಬಂದಂತೆ ಕಂಡರೂ ಟ್ಯಾಂಕ್ ಪೂರ್ತಿ ತುಂಬಿರುವುದಿಲ್ಲ. ಬೈಕನ್ನು ನೇರ ಮಾಡಿದ ಕೂಡಲೇ ಮಟ್ಟ ಒಂದೆರಡು ಬೆರಳು ಕೆಳಗಿಳಿಯುವುದನ್ನು ನೀವೇ ನೋಡಬಹುದು. ಕೇವಲ ಈ ಕಾರಣಕ್ಕೆ ಕೆಲವರು ಪ್ರತಿ ಸಲವೂ ಸ್ವಲ್ಪ ಕಡಿಮೆ ಪೆಟ್ರೋಲಿನೊಂದಿಗೆ ಹೊರಡುತ್ತಾರೆ.

ಹಾಗೆಂದು ಮುಚ್ಚಳದ ಅಂಚಿಗೆ ತುಳುಕುವಂತೆ ತುಂಬಿಸುವುದೂ ಜಾಣತನವಲ್ಲ. ಪೆಟ್ರೋಲ್ 10 ಡಿಗ್ರಿ ಬಿಸಿಯಾದರೆ ಸುಮಾರು ಶೇ 1ರಷ್ಟು ಹಿಗ್ಗುತ್ತದೆ. 13 ಲೀಟರಿಗೆ ಅದು 130 ಮಿ.ಲೀ. ಬಿಸಿಲಿನಲ್ಲಿ ನಿಂತ ಬೈಕಿನಲ್ಲಿ ಅದಕ್ಕೆ ಜಾಗ ಬೇಕು. ಹೊಸ ಬೈಕುಗಳಲ್ಲಿ ಪೆಟ್ರೋಲಿನ ಆವಿಯನ್ನು ಹಿಡಿದಿಡಲು ಇದ್ದಿಲು ತುಂಬಿದ ಡಬ್ಬಿಯೊಂದಿರುತ್ತದೆ. ಉಕ್ಕಿದ ಪೆಟ್ರೋಲ್ ದ್ರವವಾಗಿಯೇ ಅದರೊಳಗೆ ಹೋದರೆ ಆ ಡಬ್ಬಿ ಕೆಡುತ್ತದೆ. ಟ್ಯಾಂಕಿನ ಬಾಯಿಯಿಂದ ಒಳಕ್ಕೆ ಇಳಿದಿರುವ ಕತ್ತಿನ ಕೊಳವೆಯ ತಳ ಮುಟ್ಟುವಷ್ಟು ತುಂಬಿಸಿದರೆ ಸಾಕು. ಬೆಳಗಿನ ತಂಪಿನಲ್ಲಿ ಹಾಕಿಸಿದರೆ ಹೆಚ್ಚು ಪೆಟ್ರೋಲ್ ಸಿಗುತ್ತದೆ ಎಂಬ ಮಾತಿಗೆ ಮಾತ್ರ ಬೆಲೆ ಕೊಡಬೇಡಿ. ಬಂಕಿನ ಟ್ಯಾಂಕ್ ನೆಲದಡಿಯಲ್ಲಿದೆ. ಅಲ್ಲಿ ಬೆಳಗಿಗೂ ಮಧ್ಯಾಹ್ನಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿರುವುದಿಲ್ಲ.

ಮೂರು ಭರ್ತಿಗಳನ್ನಾದರೂ ಬರೆದಿಡಿ. ಮೂರರ ದೂರವನ್ನು ಕೂಡಿಸಿ, ಮೂರರ ಲೀಟರನ್ನು ಕೂಡಿಸಿ, ಆಮೇಲೆ ಭಾಗಿಸಿ. ಸರಾಸರಿಗಳ ಸರಾಸರಿ ತೆಗೆದರೆ ಲೆಕ್ಕ ಜಾರುತ್ತದೆ. ನನ್ನ ಪುಸ್ತಕದಲ್ಲಿ ದಿನಾಂಕ, ದೂರ, ಲೀಟರ್ ಆದಮೇಲೆ ನಾಲ್ಕನೇ ಕಲಂ ಒಂದಿದೆ. ಅದರಲ್ಲಿ 'ಎದುರುಗಾಳಿ', 'ಹಿಂದೆ ಒಬ್ಬರು', 'ಊರೊಳಗೆ', 'ಮಳೆ' ಎಂಬಂಥ ಒಂದೊಂದು ಪದ. ಆರು ತಿಂಗಳಾದ ಮೇಲೆ ಆ ಕಲಂ ಉಳಿದ ಮೂರಕ್ಕಿಂತ ಹೆಚ್ಚು ಮಾತಾಡುತ್ತದೆ.

ಎರಡನೇ ಕೆಲಸ: ರಿಸರ್ವ್ ಎಷ್ಟೆಂದು ಕಂಡುಕೊಳ್ಳಿ

ಕಾರ್ಬೊರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಇರುವ ಹಳೆಯ ಬೈಕಿನ ಟ್ಯಾಂಕಿನೊಳಗೆ ಪೆಟ್ರೋಲ್ ಕಾಕಿನಿಂದ, ಅಂದರೆ ಪೆಟ್ರೋಲ್ ಬಿಡುವ ತಿರುಪಿನಿಂದ, ಮೇಲಕ್ಕೆ ಎರಡು ದಾರಿಗಳಿವೆ. ಒಂದು ಎತ್ತರಕ್ಕೆ ನಿಂತ ಕೊಳವೆ, ಇನ್ನೊಂದು ತಳದಲ್ಲೇ ಇರುವ ತೂತು. ಕಾಕ್ ಆನ್ ಇದ್ದಾಗ ಎತ್ತರದ ಕೊಳವೆಯಿಂದ ಪೆಟ್ರೋಲ್ ಇಳಿಯುತ್ತದೆ. ಮಟ್ಟ ಅದರ ಬಾಯಿಗಿಂತ ಕೆಳಗಿಳಿದಾಗ ಎಂಜಿನ್ ಕೆಮ್ಮುತ್ತದೆ. ರಿಸರ್ವ್‌ಗೆ ತಿರುಗಿಸಿದರೆ ತಳದ ತೂತು ತೆರೆಯುತ್ತದೆ. ಬೇರೆ ಟ್ಯಾಂಕ್ ಏನೂ ಇಲ್ಲ, ಅದೇ ಪೆಟ್ರೋಲಿನ ಕೊನೆಯ ಭಾಗ ಅಷ್ಟೇ. ಕಂಪ್ಯೂಟರ್ ಅಳೆದು ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್ ಬೈಕಿನಲ್ಲಿ ಕಾಕ್ ಇಲ್ಲ, ದೀಪ ಹೊತ್ತಿಕೊಳ್ಳುತ್ತದೆ.

ಆ ಕೊನೆಯ ಭಾಗ ಎಷ್ಟು? ರಿಸರ್ವ್‌ಗೆ ಬಿದ್ದ ತಕ್ಷಣ, ಇಲ್ಲವೇ ದೀಪ ಬಿಡದೆ ಉರಿಯತೊಡಗಿದಾಗ, ಹತ್ತಿರದ ಬಂಕಿಗೆ ಹೋಗಿ ಭರ್ತಿ ಮಾಡಿಸಿ. 13 ಲೀಟರಿನ ಟ್ಯಾಂಕ್ 11.2 ಹಿಡಿದರೆ ನಿಮ್ಮ ಕೈಯಲ್ಲಿ 1.8 ಲೀಟರ್ ಇತ್ತು ಎಂದರ್ಥ. ಎರಡು ಸಲ ನೋಡಿ ಖಚಿತಪಡಿಸಿಕೊಳ್ಳಿ, ಏಕೆಂದರೆ ಏರು, ಇಳಿಜಾರುಗಳಲ್ಲಿ ದೀಪ ಹೊತ್ತಿ ಆರುವುದುಂಟು. ಈ ಒಂದು ಅಂಕಿ ಗೊತ್ತಿಲ್ಲದವರು ದೀಪ ಕಂಡ ಕೂಡಲೇ ಗಾಬರಿಯಾಗುತ್ತಾರೆ, ಇಲ್ಲವೇ ಇನ್ನೂ ಬೇಕಾದಷ್ಟಿದೆ ಎಂದು ನಿರಾಳವಾಗುತ್ತಾರೆ. ಎರಡೂ ತಪ್ಪು.

ಪೆಟ್ರೋಲ್ ಮುಳ್ಳು ಅಥವಾ ಗೆರೆಗಳನ್ನು ಗಡಿಯಾರದಂತೆ ಓದಬಾರದು. ಟ್ಯಾಂಕಿನ ಒಳಗಿನ ಆಕಾರ ಮೇಲಿಂದ ಕೆಳಗೆ ಒಂದೇ ಅಗಲವಿಲ್ಲ, ಒಳಗೆ ತೇಲುವ ಬುರುಡೆ ಮಟ್ಟವನ್ನಷ್ಟೇ ಬಲ್ಲದು. ಮೊದಲ ಗೆರೆ 120 ಕಿ.ಮೀ. ಕದಲದೆ ನಿಂತು, ಕೊನೆಯ ಎರಡು ಗೆರೆ ಮಾತಾಡುತ್ತಾ ಮಾತಾಡುತ್ತಾ ಇಳಿದುಹೋಗುವ ಬೈಕುಗಳಿವೆ. 'ಇನ್ನು ಇಷ್ಟು ದೂರ ಓಡುತ್ತದೆ' ಎಂದು ತೋರಿಸುವ ಮೀಟರ್ ಕೂಡ ಈವರೆಗಿನ ಓಟವನ್ನು ನೋಡಿ ಹೇಳುತ್ತದೆಯೇ ಹೊರತು ಮುಂದೆ ಘಾಟಿ ಇದೆ ಎಂದು ಅದಕ್ಕೆ ತಿಳಿದಿರುವುದಿಲ್ಲ. ಟ್ರಿಪ್ ಮೀಟರೇ ನಂಬಿಗಸ್ತ.

ಈಗ ಲೆಕ್ಕ ಹಾಕಿ. ಆ ಕೊನೆಯ ಭಾಗವನ್ನು ಪೂರ್ತಿ ಒಣಗಿಸದಂತೆ ಟ್ಯಾಂಕಿನ ಸಾಮರ್ಥ್ಯದಿಂದ ಒಂದು ಲೀಟರ್ ಕಳೆಯಿರಿ, ಉಳಿದುದನ್ನು ನಿಮ್ಮ ಪುಸ್ತಕದ ಸರಾಸರಿಯಿಂದಲ್ಲ, ಅತಿ ಕೆಟ್ಟ ಭರ್ತಿಯ ಅಂಕಿಯಿಂದ ಗುಣಿಸಿ. ಅದು 38 ಆಗಿದ್ದರೆ 12 ಗುಣಿಸು 38, ಅಂದರೆ 456. ಇದು ನಿಮ್ಮ ಬೈಕಿನ ನಿಜವಾದ ದೂರ. 585 ಅಲ್ಲ. ಇಲ್ಲಿಂದ ಮುಂದಿನ ಮಾತೆಲ್ಲ ಈ 456 ಅನ್ನು 500ರ ಆಚೆಗೆ ತಳ್ಳುವುದು ಹೇಗೆಂಬುದು.

ಬಲಗೈ

ಬೈಕ್ ಸಮತಟ್ಟು ರಸ್ತೆಯಲ್ಲಿ ಒಂದೇ ವೇಗದಲ್ಲಿ ಓಡುವಾಗ ಪೆಟ್ರೋಲ್ ಎರಡು ಎದುರಾಳಿಗಳ ವಿರುದ್ಧ ಖರ್ಚಾಗುತ್ತದೆ. ಒಂದು, ಟೈರ್ ಮತ್ತು ಚೈನಿನ ಉಜ್ಜಾಟ. ಇದು ವೇಗ ಹೆಚ್ಚಿದರೂ ಕಿಲೋಮೀಟರಿಗೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಇನ್ನೊಂದು ಗಾಳಿ. ಇದು ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. 60ರಿಂದ 90ಕ್ಕೆ ಹೋದರೆ ವೇಗ ಒಂದೂವರೆ ಪಟ್ಟು, ಗಾಳಿಯ ತಡೆ ಎರಡೂಕಾಲು ಪಟ್ಟು. 70ರಿಂದ 90ಕ್ಕೆ ಹೋದರೂ ಒಂದೂವರೆ ಪಟ್ಟನ್ನು ಮೀರುತ್ತದೆ. ಹೆದ್ದಾರಿಯಲ್ಲಿ ಬೈಕ್ ಕುಡಿಯುವುದೆಲ್ಲ ಬಹುಪಾಲು ಈ ಗಾಳಿಯನ್ನು ಸೀಳಲು.

ಹಾಗಾದರೆ ಕಳೆದುಕೊಳ್ಳುವುದೇನು? 200 ಕಿ.ಮೀ. ದಾರಿಯನ್ನು 90ರಲ್ಲಿ ಓಡಿಸಿದರೆ 2 ಗಂಟೆ 13 ನಿಮಿಷ, 70ರಲ್ಲಿ 2 ಗಂಟೆ 51 ನಿಮಿಷ. ವ್ಯತ್ಯಾಸ 38 ನಿಮಿಷ. ದಾರಿ ಬಿಟ್ಟು ಬಂಕ್ ಹುಡುಕಿ, ಸಾಲಿನಲ್ಲಿ ನಿಂತು ಬರುವಷ್ಟರಲ್ಲಿ ಇದರ ಅರ್ಧ ಹೇಗೂ ಹೋಗುತ್ತದೆ. ಉಳಿದರ್ಧಕ್ಕೆ ಅವಸರವಿದ್ದವರು ಓಡಿಸಿಕೊಳ್ಳಲಿ; ನಾನಂತೂ 65 ಮತ್ತು 70ರ ನಡುವೆ ನೆಮ್ಮದಿಯಾಗಿದ್ದೇನೆ. ತೀರಾ ನಿಧಾನವೂ ಲಾಭವಲ್ಲ. ಸಣ್ಣ ಮತ್ತು ಮಧ್ಯಮ ಬೈಕುಗಳು ಸಾಮಾನ್ಯವಾಗಿ ಕೊನೆಯ ಗೇರಿನಲ್ಲಿ 45ರಿಂದ 60ರ ನಡುವೆ ಅತಿ ಕಡಿಮೆ ಕುಡಿಯುತ್ತವೆ. ಅದಕ್ಕಿಂತ ಕೆಳಗೆ ಎಂಜಿನ್ ಏದುತ್ತದೆ, ಗೇರ್ ಇಳಿಸಬೇಕಾಗುತ್ತದೆ, ಉಳಿತಾಯ ಅಲ್ಲಿಗೆ ಮುಗಿಯುತ್ತದೆ.

ವೇಗ ಎಷ್ಟೇ ಇರಲಿ, ಅದು ಏರಿಳಿಯುವುದೇ ದೊಡ್ಡ ಸೋರಿಕೆ. ಇದಕ್ಕೆ ನಾನು ಮಾಡಿದ ಒಂದು ಸಣ್ಣ ಉಪಾಯವಿದೆ. ಆಕ್ಸಿಲರೇಟರ್ ಪೂರ್ತಿ ಮುಚ್ಚಿರುವಾಗ ಹಿಡಿಕೆಯ ಅಂಚಿನ ಮೇಲೊಂದು, ಅದರ ಪಕ್ಕದ ಸ್ವಿಚ್ ಪೆಟ್ಟಿಗೆಯ ಮೇಲೊಂದು, ಹೀಗೆ ಬಿಳಿ ಟೇಪಿನ ಎರಡು ಚೂರುಗಳನ್ನು ಒಂದೇ ನೇರಕ್ಕೆ ಅಂಟಿಸಿದೆ. ಸಮತಟ್ಟು ರಸ್ತೆಯಲ್ಲಿ 60ರಲ್ಲಿ ಹೋಗುವಾಗ ನೋಡಿದರೆ ಎರಡು ಚೂರುಗಳ ನಡುವೆ ಒಂದು ಬೆರಳಿನಷ್ಟೂ ಅಂತರವಿಲ್ಲ. ಲಾರಿಯೊಂದನ್ನು ಹಿಂದಿಕ್ಕಿದ ಮೇಲೂ ನನ್ನ ಮಣಿಕಟ್ಟು ಮೂರು ಬೆರಳಿನಷ್ಟು ತಿರುಗಿಯೇ ಇರುತ್ತಿತ್ತು; ಅದು ನನಗೆ ಗೊತ್ತೇ ಇರಲಿಲ್ಲ. ಎರಡು ವಾರ ಆ ಟೇಪನ್ನು ನೋಡಿಕೊಂಡು ಓಡಿಸಿದ ಮೇಲೆ ಕೈ ತಾನಾಗಿ ಕಲಿಯಿತು. ಟೇಪ್ ನೋಡಲು ರಸ್ತೆಯಿಂದ ಕಣ್ಣು ತೆಗೆಯುವುದು ತೆರವಾದ ನೇರ ದಾರಿಯಲ್ಲಿ ಮಾತ್ರ, ಅದೂ ಅರೆಗಳಿಗೆ.

ಹೊರಡುವಾಗ ಅಂಜಿ ಅಂಜಿ ಆಕ್ಸಿಲರೇಟರ್ ಕೊಡಬೇಕಾಗಿಲ್ಲ. ಸಾಧಾರಣ ಬಿರುಸಿನಲ್ಲಿ ವೇಗ ಪಡೆದು, ಬೇಗ ಬೇಗ ಮೇಲಿನ ಗೇರಿಗೆ ಹೋಗಿ, ಅಲ್ಲಿ ಸ್ಥಿರವಾಗುವುದು ಮೇಲು. ಎರಡನೇ ಗೇರಿನಲ್ಲಿ ಕಿರುಚುತ್ತಾ ಒಂದು ಕಿ.ಮೀ. ಹೋಗುವುದು ಶುದ್ಧ ನಷ್ಟ. ಹಾಗೆಯೇ ಗೇರ್ ಏರಿಸುವ ಆತುರದಲ್ಲಿ ಎಂಜಿನ್ನನ್ನು ಹಿಂಸಿಸಬಾರದು. ಹ್ಯಾಂಡಲ್ ಗಡಗಡ ನಡುಗಿದರೆ, ಏರಿನಲ್ಲಿ ಎಂಜಿನ್ನಿನ ಒಳಗಿಂದ ಕಟಕಟ ಸದ್ದು ಬಂದರೆ, ಆ ಗೇರ್ ಹೆಚ್ಚಾಯಿತು ಎಂದೇ ಅರ್ಥ. ಘಾಟಿಯ ಬುಡದಲ್ಲೇ ಒಂದು ಗೇರ್ ಇಳಿಸಿಕೊಂಡರೆ ನಡು ಏರಿನಲ್ಲಿ ಪೂರ್ತಿ ಆಕ್ಸಿಲರೇಟರ್ ತಿರುವುವ ಪ್ರಮೇಯ ಬರುವುದಿಲ್ಲ.

ಬ್ರೇಕ್ ಹಾಕಿದಾಗ ಬಿಸಿಯಾಗುವ ಡಿಸ್ಕ್ ಇದೆಯಲ್ಲ, ಆ ಬಿಸಿ ನೀವು ಆಗಷ್ಟೇ ಸುಟ್ಟ ಪೆಟ್ರೋಲ್. ಮುಂದೆ ಸಿಗ್ನಲ್ ಕೆಂಪಾಗಿರುವುದು ಕಂಡರೆ ಅಲ್ಲಿಯವರೆಗೆ ಓಡಿಸಿ ಬ್ರೇಕ್ ಒತ್ತುವ ಬದಲು, ಕಂಡಲ್ಲೇ ಆಕ್ಸಿಲರೇಟರ್ ಬಿಟ್ಟು ಗೇರಿನಲ್ಲೇ ಉರುಳಿ ಹೋಗಿ. ನೀವು ತಲುಪುವಷ್ಟರಲ್ಲಿ ಹಸಿರಾದರೆ ಪೂರ್ತಿ ನಿಂತು ಮತ್ತೆ ಮೊದಲ ಗೇರಿನಿಂದ ಎಳೆಯುವ ಖರ್ಚು ತಪ್ಪಿತು. ಊರೊಳಗಿನ ಓಟದಲ್ಲಿ ಇದಕ್ಕಿಂತ ದೊಡ್ಡ ಉಳಿತಾಯ ಇನ್ನೊಂದಿಲ್ಲ. ಅರ್ಧ ನಿಮಿಷಕ್ಕಿಂತ ಹೆಚ್ಚು ನಿಲ್ಲಬೇಕಾದರೆ ಎಂಜಿನ್ ಆರಿಸಿ.

ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಬೇಕೆ ಎಂಬುದು ಸವಾರರ ನಡುವಿನ ಹಳೆಯ ಜಗಳ. ಇಂಜೆಕ್ಷನ್ ಬೈಕಿನ ಮಟ್ಟಿಗೆ ಜಗಳಕ್ಕೆ ಜಾಗವೇ ಇಲ್ಲ. ಗೇರಿನಲ್ಲಿದ್ದು ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ, ಚಕ್ರವೇ ಎಂಜಿನ್ನನ್ನು ತಿರುಗಿಸುತ್ತಿದೆ ಎಂದು ಅರಿತ ಕಂಪ್ಯೂಟರ್ ಪೆಟ್ರೋಲನ್ನು ನಿಲ್ಲಿಸಿಬಿಡುತ್ತದೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ತಾನಾಗಿ ಉರಿಯುತ್ತಿರಬೇಕು, ಅದಕ್ಕೆ ಪೆಟ್ರೋಲ್ ಬೇಕು. ಕಾರ್ಬೊರೇಟರ್ ಬೈಕಿನಲ್ಲಿ ಗೇರಿನಲ್ಲಿದ್ದರೂ ಸ್ವಲ್ಪ ಪೆಟ್ರೋಲ್ ಎಳೆಯುತ್ತಲೇ ಇರುತ್ತದೆ, ನಿಜ. ಆದರೆ ತಿರುವುಗಳಿರುವ ಇಳಿಜಾರಿನಲ್ಲಿ ಎಂಜಿನ್ನಿನ ಹಿಡಿತವಿಲ್ಲದೆ ಎರಡು ಬ್ರೇಕುಗಳನ್ನೇ ನಂಬಿ ಇಳಿಯುವಷ್ಟು ಆ ಪೆಟ್ರೋಲಿಗೆ ಬೆಲೆಯಿಲ್ಲ. ಕೀಲಿಯನ್ನೇ ಆಫ್ ಮಾಡಿ ಇಳಿಯುವವರೂ ಇದ್ದಾರೆ. ಹೆಡ್‌ಲೈಟ್ ಹೋಯಿತು, ಬ್ರೇಕ್ ಲೈಟ್ ಹೋಯಿತು, ಕೈ ತಪ್ಪಿ ಕೀಲಿ ಇನ್ನೊಂದು ಸುತ್ತು ತಿರುಗಿದರೆ ಹ್ಯಾಂಡಲ್ ಲಾಕ್. ಕಾರ್ಬೊರೇಟರ್ ಬೈಕಿನಲ್ಲಿ ಗೇರಿನಲ್ಲಿಟ್ಟು ಕೀಲಿ ಆರಿಸಿದರೆ ಸುಡದ ಪೆಟ್ರೋಲ್ ಸೈಲೆನ್ಸರಿನಲ್ಲಿ ಸೇರಿಕೊಂಡು, ಮತ್ತೆ ಆನ್ ಮಾಡಿದಾಗ ಪಟಾಕಿಯಂತೆ ಢಮ್ ಎನ್ನುತ್ತದೆ.

ಗಾಳಿ ಮತ್ತು ನೀವು

ಬೈಕಿನ ಮೇಲೆ ಗಾಳಿಗೆ ಅಡ್ಡ ನಿಲ್ಲುವ ದೊಡ್ಡ ವಸ್ತು ಬೈಕಲ್ಲ, ಸವಾರ. ಮೊಣಕೈಗಳನ್ನು ರೆಕ್ಕೆಯಂತೆ ಹರಡದೆ ಒಳಕ್ಕೆ ತಂದುಕೊಳ್ಳಿ, ಮಂಡಿಗಳನ್ನು ಟ್ಯಾಂಕಿಗೆ ತಾಗಿಸಿ ಕೂರಿ. ಜಾಕೆಟ್ಟಿನ ಜಿಪ್ ಕತ್ತಿನವರೆಗೆ ಎಳೆಯಿರಿ. ಹಾರಾಡುವ ಬಟ್ಟೆಯೆಂದರೆ ಬೆನ್ನಿಗೆ ಕಟ್ಟಿದ ಸಣ್ಣ ಕೊಡೆ. ಟ್ಯಾಂಕಿನ ಮೇಲೆ ಮಲಗಿ ಓಡಿಸುವುದು ಬೇಡ. ಕತ್ತು ನೋಯುತ್ತದೆ, ರಸ್ತೆಯೂ ಸರಿಯಾಗಿ ಕಾಣುವುದಿಲ್ಲ.

ಗಾಳಿ ಎಷ್ಟು ತಿನ್ನುತ್ತದೆ ಎಂಬುದಕ್ಕೆ ಒಂದು ಪುರಾವೆ. ಬೈಕುಗಳ ಗಾಳಿತಡೆ ಹೊದಿಕೆಗಳಿಗೆ ಹೆಸರಾದ ಅಮೆರಿಕದ ವಿನ್ಯಾಸಕಾರ ಕ್ರೇಗ್ ವೆಟ್ಟರ್ 1980ರ ದಶಕದಲ್ಲಿ ಮೈಲೇಜ್ ಸ್ಪರ್ಧೆಗಳನ್ನು ನಡೆಸಿದರು. ಸಣ್ಣ ಎಂಜಿನ್ನುಗಳನ್ನು ಮೂಗಿನಿಂದ ಬಾಲದವರೆಗೆ ನುಣುಪಾದ ಕವಚದಲ್ಲಿ ಮುಚ್ಚಿ ತಂದವರು ಅಲ್ಲಿ ಮೆರೆದರು. 1985ರ ವಿಜೇತ ಬೈಕ್ ಗ್ಯಾಲನ್ನಿಗೆ 470 ಮೈಲಿ, ಅಂದರೆ ಲೀಟರಿಗೆ ಸುಮಾರು 200 ಕಿ.ಮೀ. ಓಡಿತು. ನಮಗೆ ಅಂಥ ಕವಚ ಬೇಕಿಲ್ಲ. ಆದರೆ ಅದೇ ಕಾರಣಕ್ಕೆ ಖಾಲಿ ಪೆಟ್ಟಿಗೆಗಳನ್ನು ಬೈಕಿನ ಎರಡೂ ಪಕ್ಕಕ್ಕೆ ಕಟ್ಟಿಕೊಂಡು ತಿರುಗುವುದನ್ನು ಬಿಡಬಹುದು. ಸಾಮಾನು ಇದ್ದರೆ ಪಕ್ಕಕ್ಕೆ ಹರಡುವ ಬದಲು ಬೆನ್ನ ಹಿಂದೆ, ನಿಮ್ಮ ಮೈಯ ಮರೆಯಲ್ಲಿ ಕಟ್ಟಿ. ತೀರಾ ಹಿಂದಕ್ಕೂ ಎತ್ತರಕ್ಕೂ ಹೋದರೆ ಮುಂದಿನ ಚಕ್ರ ಹಗುರಾಗುತ್ತದೆ, ಎಚ್ಚರ.

ಎದುರುಗಾಳಿಯನ್ನು ವೇಗದ ಲೆಕ್ಕಕ್ಕೇ ಸೇರಿಸಿಕೊಳ್ಳಿ. ಗಂಟೆಗೆ 20 ಕಿ.ಮೀ. ಗಾಳಿ ಎದುರಾಗಿ ಬೀಸುತ್ತಿದ್ದರೆ 70ರಲ್ಲಿ ಹೋಗುವ ನಿಮ್ಮ ಬೈಕಿಗೆ ಅದು 90ರ ಗಾಳಿ. ಅಂಥ ದಿನ ಮೊದಲೇ ಬಂಕಿಗೆ ಹೋಗಬೇಕು, ಇಲ್ಲವೇ 60ಕ್ಕೆ ಇಳಿಯಬೇಕು. ಗಾಳಿ ತಪ್ಪಿಸಿಕೊಳ್ಳಲು ಲಾರಿಯ ಬೆನ್ನಿಗೆ ಅಂಟಿಕೊಂಡು ಹೋಗುವುದರಿಂದ ಪೆಟ್ರೋಲ್ ಉಳಿಯುವುದು ಸುಳ್ಳಲ್ಲ. ಆದರೆ ಲಾರಿಯ ಚಕ್ರಗಳ ನಡುವಿನಿಂದ ನುಸುಳಿ ಬರುವ ಗುಂಡಿ ನಿಮಗೆ ಕಾಣುವುದು ಅದರೊಳಗೆ ಬಿದ್ದ ಮೇಲೆ.

ಈಗ ಪಾನಾ ಹಿಡಿಯಬಹುದು

ಟೈರಿನ ಗಾಳಿ ಎಲ್ಲಕ್ಕಿಂತ ಅಗ್ಗದ ರಿಪೇರಿ. ಎಷ್ಟು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಎಂಬುದು ಕೈಪಿಡಿಯಲ್ಲೋ ಚೈನ್ ಕವರಿನ ಬಳಿಯ ಚೀಟಿಯಲ್ಲೋ ಇರುತ್ತದೆ. ಟೈರಿನ ಪಕ್ಕೆಯ ಮೇಲೆ ಅಚ್ಚಾದ ಅಂಕಿ ಗರಿಷ್ಠ ಮಿತಿ, ಅದನ್ನು ತುಂಬಿಸಬಾರದು. ಅಳೆಯುವುದು ಟೈರ್ ತಣ್ಣಗಿರುವಾಗ, ಓಡಿಸುವುದಕ್ಕೆ ಮೊದಲು. ಒಳಗಿನ ಗಾಳಿ 10 ಡಿಗ್ರಿ ಬಿಸಿಯಾದರೆ ಒತ್ತಡ ಸುಮಾರು ಒಂದೂವರೆ ಪಿಎಸ್‌ಐ ಏರುತ್ತದೆ, ಹಾಗಾಗಿ ಓಡಿಸಿ ಬಂದು ಅಳೆದರೆ ಗಾಳಿ ಕಡಿಮೆಯಿದ್ದರೂ ಸರಿಯಿದ್ದಂತೆ ಕಾಣುತ್ತದೆ. ಪಂಕ್ಚರ್ ಇಲ್ಲದಿದ್ದರೂ ಟೈರ್ ತಿಂಗಳಿಗೆ ಒಂದೆರಡು ಪಿಎಸ್‌ಐ ಕಳೆದುಕೊಳ್ಳುತ್ತದೆ. ಹದಿನೈದು ದಿನಕ್ಕೊಮ್ಮೆ ನೋಡಿ. ಹಿಂದೆ ಒಬ್ಬರು ಕೂರುವುದಿದ್ದರೆ ಹಿಂದಿನ ಟೈರಿಗೆ ಕೈಪಿಡಿ ಹೇಳುವ ಹೆಚ್ಚಿನ ಅಂಕಿ ಹಿಡಿಸಿ.

ಚಕ್ರ ಸರಾಗವಾಗಿ ಉರುಳುತ್ತಿದೆಯೇ ಎಂದು ತಿಳಿಯಲು ಮೆಕ್ಯಾನಿಕ್ ಬೇಕಿಲ್ಲ. ಡಬಲ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿಟ್ಟು ಹಿಂದಿನ ಚಕ್ರವನ್ನು ಕೈಯಿಂದ ತಿರುವಿ. ಚೈನ್ ಇರುವುದರಿಂದ ಅದು ಬೇಗನೆ ನಿಲ್ಲುತ್ತದೆ, ಚಿಂತೆಯಿಲ್ಲ. ಆದರೆ 'ಸರ್ ಸರ್' ಎಂದು ಒಂದೇ ಜಾಗದಲ್ಲಿ ಉಜ್ಜುವ ಸದ್ದು ಬಂದರೆ, ಅಥವಾ ಅರ್ಧ ಸುತ್ತೂ ಹೋಗದೆ ನಿಂತರೆ ಬ್ರೇಕ್ ಕಚ್ಚುತ್ತಿದೆ. ಡ್ರಮ್ ಬ್ರೇಕಿನ ನಟ್ಟನ್ನು ಅತಿಯಾಗಿ ಬಿಗಿದಿರುವುದೇ ಬಹಳ ಸಲ ಕಾರಣ. ಪೆಡಲ್ಲಿನ ಮೇಲೆ ಬಲಗಾಲನ್ನು ಹಗುರವಾಗಿ ಇಟ್ಟುಕೊಂಡೇ ಓಡಿಸುವವರು ಈ ಕೆಲಸವನ್ನು ದಿನವೂ ತಾವೇ ಮಾಡುತ್ತಿರುತ್ತಾರೆ. ಬೇಕಿದ್ದರೆ ಹಿಂದೆ ಬರುವವರನ್ನು ಕೇಳಿ: ನನ್ನ ಬ್ರೇಕ್ ಲೈಟ್ ಸುಮ್ಮನೆ ಉರಿಯುತ್ತದೆಯೇ?

ಚೈನ್ ಒಣಗಿದ್ದರೆ ಬೈಕ್ ತಳ್ಳುವಾಗಲೇ ತಿಳಿಯುತ್ತದೆ. ಕೆಳಗಿನ ಓಟದ ನಡುಭಾಗವನ್ನು ಬೆರಳಿನಿಂದ ಮೇಲೆ ಕೆಳಗೆ ಆಡಿಸಿ. ರಸ್ತೆ ಬೈಕುಗಳಲ್ಲಿ ಸಾಮಾನ್ಯವಾಗಿ 20ರಿಂದ 30 ಮಿ.ಮೀ. ಆಡಬೇಕು, ನಿಖರ ಅಂಕಿ ಕೈಪಿಡಿಯಲ್ಲಿದೆ. ಚೈನ್ ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ. ಚಕ್ರ ತಿರುವುತ್ತಾ ನಾಲ್ಕೈದು ಕಡೆ ನೋಡಿ ಅತಿ ಬಿಗಿಯಾದ ಜಾಗದಲ್ಲಿ ಅಳೆಯಬೇಕು. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಗೇರ್ ಆಯಿಲ್ ಅಥವಾ ಚೈನ್ ಲೂಬನ್ನು ಚೈನಿನ ಒಳಮೈಗೆ ಹಾಕಿ. ರಬ್ಬರ್ ಉಂಗುರಗಳಿರುವ ಚೈನನ್ನು ಪೆಟ್ರೋಲಿನಿಂದ ತೊಳೆಯಬೇಡಿ, ಉಂಗುರಗಳು ಕೆಡುತ್ತವೆ. ಸುಮಾರು 500 ಕಿ.ಮೀ.ಗೊಮ್ಮೆ ಇದನ್ನು ಮಾಡಿ, ಮಳೆಯಲ್ಲಿ ಓಡಿಸಿದ್ದರೆ ಅದಕ್ಕೂ ಮೊದಲೇ. ಒಂದೇ ಒಂದು ಕಟ್ಟಪ್ಪಣೆ: ಎಂಜಿನ್ ಚಾಲೂ ಮಾಡಿ, ಗೇರ್ ಹಾಕಿ, ತಿರುಗುವ ಚೈನಿಗೆ ಬಟ್ಟೆ ಹಿಡಿಯಬೇಡಿ. ಹಾಗೆ ಬೆರಳು ಕಳೆದುಕೊಂಡವರಿದ್ದಾರೆ. ಚಕ್ರವನ್ನು ಕೈಯಿಂದಲೇ ತಿರುಗಿಸಿ.

ಕ್ಲಚ್ ಲಿವರಿನ ತುದಿಯಲ್ಲಿ ಒಂದು ಬೆರಳಿನಗಲದಷ್ಟು ಸಡಿಲ ಇರಬೇಕು. ಇಲ್ಲದಿದ್ದರೆ ಕ್ಲಚ್ ಅರೆಬರೆ ಜಾರುತ್ತಾ ಪೆಟ್ರೋಲ್ ಸುಡುತ್ತದೆ. ಪರೀಕ್ಷೆ ಸುಲಭ: ಕೊನೆಯ ಗೇರಿನಲ್ಲಿ 50ರಲ್ಲಿ ಹೋಗುವಾಗ ಆಕ್ಸಿಲರೇಟರ್ ಪೂರ್ತಿ ತಿರುವಿ. ಎಂಜಿನ್ನಿನ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಕಾರಿನ 'ಇಂಧನ ಉಳಿಸುವ' ಎಂಜಿನ್ ಆಯಿಲ್ ಹಾಕಿದರೂ ಇದೇ ಪಾಡು, ಏಕೆಂದರೆ ಹೆಚ್ಚಿನ ಬೈಕುಗಳಲ್ಲಿ ಕ್ಲಚ್ ಅದೇ ಆಯಿಲಿನಲ್ಲಿ ಮುಳುಗಿರುತ್ತದೆ. ಡಬ್ಬಿಯ ಮೇಲೆ 'ಜಾಸೊ ಎಂಎ' ಅಥವಾ 'ಎಂಎ2' ಎಂದಿರುವ, ಕೈಪಿಡಿ ಹೇಳಿದ ಗ್ರೇಡಿನ ಆಯಿಲ್ ಸಾಕು.

ಏರ್ ಫಿಲ್ಟರ್ ಕಟ್ಟಿಕೊಂಡರೆ ಕಾರ್ಬೊರೇಟರ್ ಬೈಕ್ ಹೆಚ್ಚು ಪೆಟ್ರೋಲ್ ಕುಡಿಯುತ್ತದೆ. ಇಂಜೆಕ್ಷನ್ ಬೈಕ್ ಗಾಳಿಗೆ ತಕ್ಕಷ್ಟೇ ಪೆಟ್ರೋಲ್ ಕೊಡುವುದರಿಂದ ಅಲ್ಲಿ ಮೈಲೇಜಿಗಿಂತ ಶಕ್ತಿ ಕುಗ್ಗುತ್ತದೆ. ಪ್ಲಗ್ ಬಿಚ್ಚಿದಾಗ ತುದಿ ತಿಳಿಕಂದು ಬಣ್ಣದಲ್ಲಿದ್ದರೆ ಮುಟ್ಟಬೇಡಿ, ಮಸಿಯಂತೆ ಕಪ್ಪಗಿದ್ದರೆ ಪೆಟ್ರೋಲ್ ಹೆಚ್ಚಾಗಿ ಹೋಗುತ್ತಿದೆ. ತಣ್ಣಗಿನ ಎಂಜಿನ್ ಹತ್ತಲೆಂದು ಬೆಳಗ್ಗೆ ಎಳೆದ ಚೋಕನ್ನು ಒಳಗೆ ತಳ್ಳಲು ಮರೆತು ಊರೆಲ್ಲ ಸುತ್ತಿ ಬಂದು ಮೆಕ್ಯಾನಿಕ್ಕನ್ನು ಬೈಯುವವರಲ್ಲಿ ನಾನೂ ಒಬ್ಬನಿದ್ದೆ. ಪೆಟ್ರೋಲ್ ಪೈಪಿಗೆ ಕಟ್ಟುವ ಅಯಸ್ಕಾಂತ, ಟ್ಯಾಂಕಿಗೆ ಹಾಕುವ ಗುಳಿಗೆ, ಇವುಗಳ ಬಗ್ಗೆ ಒಂದೇ ಮಾತು: ಬೇಡ.

ಪೆಟ್ರೋಲಿನ ಬಗ್ಗೆಯೂ ಎರಡು ಮಾತು. ಎಥೆನಾಲಿನಲ್ಲಿ ಲೀಟರಿಗೆ ಪೆಟ್ರೋಲಿನ ಮೂರನೇ ಎರಡು ಭಾಗದಷ್ಟೇ ಶಕ್ತಿಯಿದೆ. ಹಾಗಾಗಿ ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲಿನಲ್ಲಿ ಶುದ್ಧ ಪೆಟ್ರೋಲಿಗಿಂತ ಶೇ 6-7ರಷ್ಟು ಶಕ್ತಿ ಕಡಿಮೆ. ಬೈಕಿನಲ್ಲಿ ದೋಷ ಹುಡುಕುವ ಮೊದಲು ಏನನ್ನು ತುಂಬಿಸಿದಿರಿ ಎಂದು ನೋಡಿ. ಹೆಚ್ಚು ಆಕ್ಟೇನಿನ ದುಬಾರಿ ಪೆಟ್ರೋಲನ್ನು ಕೈಪಿಡಿ ಕೇಳದಿದ್ದರೆ ಹಾಕಿಸುವುದು ವ್ಯರ್ಥ. ಆಕ್ಟೇನ್ ಎಂದರೆ ಎಂಜಿನ್ ಕಟಕಟಿಸದಂತೆ ತಡೆಯುವ ಗುಣ, ಹೆಚ್ಚು ದೂರ ಓಡಿಸುವ ಗುಣವಲ್ಲ.

ದಿನವಿಡೀ ಹೆದ್ದಾರಿಯಲ್ಲೇ ಓಡಿಸುವವರು ಮುಂದಿನ ಸ್ಪ್ರಾಕೆಟ್ಟಿಗೆ (ಚೈನನ್ನು ಎಳೆಯುವ ಹಲ್ಲುಚಕ್ರಕ್ಕೆ) ಒಂದು ಹಲ್ಲು ಹೆಚ್ಚಿಸುವುದುಂಟು. 15ರ ಬದಲು 16 ಹಲ್ಲು ಹಾಕಿದರೆ ಅದೇ ವೇಗದಲ್ಲಿ ಎಂಜಿನ್ ಶೇ 6ರಷ್ಟು ಕಡಿಮೆ ತಿರುಗುತ್ತದೆ. ಆದರೆ ಏರಿನಲ್ಲಿ ಎಳೆತ ಹೋಗುತ್ತದೆ, ಗೇರ್‌ಬಾಕ್ಸಿನಿಂದ ವೇಗ ಓದುವ ಬೈಕುಗಳಲ್ಲಿ ಮೀಟರ್ ತಪ್ಪು ತೋರಿಸುತ್ತದೆ. ನಾನು ಹಾಕಿಸಿ, ಒಂದೇ ಘಾಟಿ ಹತ್ತಿ, ತೆಗೆಸಿದೆ.

ಕೊನೆಯ ಎರಡು ಲೀಟರ್

ದೀಪ ಹೊತ್ತಿತು, ಬಂಕ್ ಎಲ್ಲಿದೆಯೋ ಗೊತ್ತಿಲ್ಲ. ಮೊದಲು ಟ್ರಿಪ್ ಮೀಟರ್ ನೋಡಿ ಅಂಕಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ವೇಗವನ್ನು 50ರ ಸುಮಾರಿಗೆ ತನ್ನಿ, ಕೊನೆಯ ಗೇರ್, ಯಾರನ್ನೂ ಹಿಂದಿಕ್ಕುವ ಹಟ ಬೇಡ. ಖಾಲಿಯಾಗುವ ಮುನ್ನ ಬೇಗ ತಲುಪಿಬಿಡೋಣ ಎಂದು ವೇಗ ಹೆಚ್ಚಿಸುವವರನ್ನು ನೋಡಿದ್ದೇನೆ. ಅವರು ಖಾಲಿಯಾಗುವುದನ್ನೇ ಬೇಗ ತಲುಪುತ್ತಾರೆ. ಹಿಂದೆ 8 ಕಿ.ಮೀ. ದೂರದಲ್ಲಿ ಖಚಿತವಾಗಿ ಬಂಕ್ ಇದ್ದು ಮುಂದಿನದು ಅನುಮಾನವಾಗಿದ್ದರೆ ಹಿಂದಕ್ಕೆ ತಿರುಗಿ. ಇಂಜೆಕ್ಷನ್ ಬೈಕಿನ ಪಂಪ್ ಟ್ಯಾಂಕಿನೊಳಗೆ ಪೆಟ್ರೋಲಿನಲ್ಲಿ ಮುಳುಗಿಕೊಂಡು ತಂಪಾಗಿರುತ್ತದೆ. ಅದನ್ನು ಮತ್ತೆ ಮತ್ತೆ ಒಣಗಿಸಿ ಓಡಿಸಿದರೆ ಉಳಿಸಿದ ಪೆಟ್ರೋಲಿನ ಹಣವೆಲ್ಲ ಪಂಪಿಗೆ ಹೋಗುತ್ತದೆ.

ನಿರ್ಜನ ದಾರಿಗೆ ಹೆಚ್ಚುವರಿ ಪೆಟ್ರೋಲ್ ಒಯ್ಯಲೇಬೇಕಾದರೆ, ನಿಮ್ಮಲ್ಲಿಯ ನಿಯಮ ಅದಕ್ಕೆ ಒಪ್ಪಿದರೆ, ಇಂಧನಕ್ಕೆಂದೇ ತಯಾರಿಸಿದ ಗಟ್ಟಿ ಕ್ಯಾನ್ ಬಳಸಿ. ನೀರಿನ ಬಾಟಲಿ ಬೇಡ. ಕ್ಯಾನ್ ತುಂಬಿಸುವಾಗ ಅದನ್ನು ಬೈಕಿನ ಸೀಟಿನ ಮೇಲಿಡದೆ ನೆಲದ ಮೇಲಿಡಿ, ಸ್ಥಿರ ವಿದ್ಯುತ್ತಿನ ಕಿಡಿ ಹಾರುವ ಅಪಾಯ ಕಡಿಮೆಯಾಗುತ್ತದೆ. ಕಾರ್ಬೊರೇಟರ್ ಬೈಕಿನವರು ಭರ್ತಿ ಮಾಡಿಸಿದ ಮೇಲೆ ಕಾಕನ್ನು ರಿಸರ್ವ್‌ನಿಂದ ಆನ್‌ಗೆ ತಿರುಗಿಸಲು ಮರೆಯಬೇಡಿ. ಮರೆತರೆ ಮುಂದಿನ ಸಲ ಎಂಜಿನ್ ಕೆಮ್ಮಿ ಎಚ್ಚರಿಸುವುದಿಲ್ಲ, ಸುಮ್ಮನೆ ನಿಲ್ಲುತ್ತದೆ.

ನಿಂತೇಬಿಟ್ಟರೆ, ತಳ್ಳುವ ಮುನ್ನ ಎರಡು ಪರೀಕ್ಷೆಗಳಿವೆ. ಮೊದಲನೆಯದು, ಟ್ಯಾಂಕಿನ ಮುಚ್ಚಳ ತೆರೆಯಿರಿ. 'ಸುಯ್' ಎಂದು ಗಾಳಿ ಒಳಗೆ ಎಳೆದುಕೊಂಡರೆ ಮುಚ್ಚಳದ ಉಸಿರುಗಂಡಿ ಕಟ್ಟಿದೆ. ಪೆಟ್ರೋಲ್ ಇದ್ದೂ ಕೆಳಗಿಳಿಯುತ್ತಿರಲಿಲ್ಲ. ಮುಚ್ಚಳವನ್ನು ಆಗಾಗ ತೆರೆದು ಮುಚ್ಚುತ್ತಾ ಬಂಕ್ ತಲುಪಬಹುದು, ಗಂಡಿಯನ್ನು ಆಮೇಲೆ ಶುಚಿ ಮಾಡಿಸಿ.

ಎರಡನೆಯದನ್ನು ನನಗೆ ಕಲಿಸಿದವರು ದಾರಿಯಲ್ಲಿ ಸಿಕ್ಕ ಹಿರಿಯರೊಬ್ಬರು. ಮೊದಲೇ ಹೇಳಿದೆನಲ್ಲ, ಒಮ್ಮೆ ತಳ್ಳಿದ್ದೆನೆಂದು. ರಿಸರ್ವ್ ಕೂಡ ಮುಗಿದು ಕಾರ್ಬೊರೇಟರ್ ಬೈಕನ್ನು ತಳ್ಳುತ್ತಿದ್ದಾಗ ಅವರು ತಮ್ಮ ಹಳೆಯ ಮೊಪೆಡ್ ನಿಲ್ಲಿಸಿ, ಏನೂ ಕೇಳದೆ, ಟ್ಯಾಂಕಿನ ಎರಡೂ ಬದಿಯ ತಳವನ್ನು ಬೆರಳಿನ ಗೆಣ್ಣಿನಿಂದ ಬಡಿದರು. ಎಡಗಡೆ ಖಾಲಿ ಡಬ್ಬದ ಸದ್ದು. ಬಲಗಡೆ ಸದ್ದು ಮಂದವಾಗಿತ್ತು. "ಪೆಟ್ರೋಲ್ ಇದೆಯಲ್ಲಪ್ಪ, ಯಾಕೆ ತಳ್ಳುತ್ತೀಯ?" ಎಂದರು. ಟ್ಯಾಂಕ್ ಬೈಕಿನ ನಡುಕಂಬಿಯ ಮೇಲೆ ಕುದುರೆಯ ಜೀನಿನಂತೆ ಎರಡೂ ಕಡೆ ಇಳಿಬಿದ್ದು ಕೂತಿರುತ್ತದೆ. ಮಟ್ಟ ಆ ಕಂಬಿಯ ಉಬ್ಬಿಗಿಂತ ಕೆಳಗಿಳಿದಾಗ ಪೆಟ್ರೋಲ್ ಎರಡು ಹೊಂಡಗಳಾಗಿ ಬೇರೆಯಾಗುತ್ತದೆ, ಕಾಕ್ ಇರುವುದು ಒಂದರ ತಳದಲ್ಲಿ ಮಾತ್ರ. ನನ್ನದರಲ್ಲಿ ಅದು ಎಡಗಡೆ. ಇಬ್ಬರೂ ಹಿಡಿದು ಬೈಕನ್ನು ಎಡಕ್ಕೆ, ಹ್ಯಾಂಡಲ್ ನೆಲಕ್ಕೆ ಒಂದು ಗೇಣು ಇರುವಂತೆ ವಾಲಿಸಿದೆವು. ಒಳಗೆ ಗುಳಗುಳ ಎಂದು ಹರಿದ ಸದ್ದು ಕೇಳಿಸಿತು. ನೇರ ಮಾಡಿ, ಕಾರ್ಬೊರೇಟರ್ ತುಂಬಲೆಂದು ಒಂದು ನಿಮಿಷ ಬಿಟ್ಟು ಒದ್ದರೆ ಎರಡನೇ ಒದೆತಕ್ಕೆ ಎಂಜಿನ್ ಹತ್ತಿಕೊಂಡಿತು. ಬಂಕ್ ಇದ್ದದ್ದು 9 ಕಿ.ಮೀ. ಮುಂದೆ, ಅದನ್ನು ತಲುಪಿಯೂ ಪೆಟ್ರೋಲ್ ಉಳಿದಿತ್ತು. ಅದಕ್ಕೂ ಮೊದಲು 3 ಕಿ.ಮೀ. ತಳ್ಳಿದ್ದೆ. ಆ ಮೂರೂ ಕಿಲೋಮೀಟರಿನ ಉದ್ದಕ್ಕೂ ಪೆಟ್ರೋಲ್ ಟ್ಯಾಂಕಿನ ಬಲಗಡೆಯ ಹೊಂಡದಲ್ಲೇ ತುಳುಕುತ್ತಿತ್ತು.